ರಷ್ಯಾದ ವಿದೇಶಾಂಗ ನೀತಿಯ ಚಿಂತನಾ ಪಂಥಗಳು

ಹೊರಜಗತ್ತಿನೊಂದಿಗೆ, ವಿಶೇಷವಾಗಿ ಪಾಶ್ಚಾತ್ಯ ರಾಷ್ಟ್ರಗಳೊಂದಿಗೆ, ರಷ್ಯಾ ಎಂತಹ ಸಂಬಂಧವನ್ನು ಇರಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಆ ದೇಶದ ಚಿಂತಕರು, ರಾಜತಾಂತ್ರಿಕರು ಮತ್ತು ಆಡಳಿತಗಾರರು ನೀಡುತ್ತ ಬಂದಿರುವ ಭಿನ್ನ ಉತ್ತರಗಳನ್ನು ರಷ್ಯಾದ ವಿದೇಶಾಂಗ ನೀತಿಯ ಚಿಂತನಾ ಪಂಥಗಳು ಎಂದು ಕರೆಯಲಾಗುತ್ತದೆ. ಇವುಗಳಲ್ಲಿ ಮುಖ್ಯವಾದವು ಮೂರು: ಪಾಶ್ಚಾತ್ಯವಾದ, ಪ್ರಭುತ್ವವಾದ ಮತ್ತು ನಾಗರಿಕತಾವಾದ. ಈ ವರ್ಗೀಕರಣವನ್ನು ರಷ್ಯಾ ಮೂಲದ ರಾಜ್ಯಶಾಸ್ತ್ರಜ್ಞ ಆಂಡ್ರೇ ಸಿಗಾಂಕೊವ್ ತಮ್ಮ ಕೃತಿಗಳಲ್ಲಿ ವಿಸ್ತಾರವಾಗಿ ಮಂಡಿಸಿದ್ದಾರೆ. ರಷ್ಯಾ ಯುರೋಪಿನ ಭಾಗವೇ, ತನ್ನದೇ ಆದ ಪ್ರತ್ಯೇಕ ನಾಗರಿಕತೆಯೇ ಅಥವಾ ಎರಡನ್ನೂ ಬದಿಗಿಟ್ಟು ತನ್ನ ಬಲವನ್ನೇ ನೆಚ್ಚಬೇಕಾದ ಮಹಾಶಕ್ತಿಯೇ ಎಂಬುದು ಈ ಪಂಥಗಳ ನಡುವಿನ ವಿವಾದದ ತಿರುಳು.

ಐತಿಹಾಸಿಕ ಹಿನ್ನೆಲೆ

ಈ ವಿವಾದವು ಸ್ಪಷ್ಟ ರೂಪ ಪಡೆದದ್ದು 19ನೆಯ ಶತಮಾನದಲ್ಲಿ. 1836ರಲ್ಲಿ ‘ಟೆಲಿಸ್ಕೋಪ್’ ಎಂಬ ನಿಯತಕಾಲಿಕದಲ್ಲಿ ಪ್ಯೋತ್ರ್ ಚಾದಾಯೆವ್‌ನ ತಾತ್ವಿಕ ಪತ್ರವೊಂದು ಪ್ರಕಟವಾಯಿತು. ಮಾನವಕುಲದ ಪ್ರಗತಿಗೆ ರಷ್ಯಾ ಏನನ್ನೂ ನೀಡಿಲ್ಲವೆಂದು ಅದರಲ್ಲಿ ವಾದಿಸಲಾಗಿತ್ತು. ಚಕ್ರವರ್ತಿ ಒಂದನೆಯ ನಿಕೋಲಸ್‌ನ ಸರ್ಕಾರವು ಪತ್ರಿಕೆಯನ್ನು ಮುಚ್ಚಿಸಿ, ಚಾದಾಯೆವ್‌ನನ್ನು ಹುಚ್ಚನೆಂದು ಅಧಿಕೃತವಾಗಿ ಘೋಷಿಸಿತು. ಅನಂತರದ ದಶಕಗಳಲ್ಲಿ ವಿದ್ಯಾವಂತ ಸಮಾಜವು ಎರಡು ಬಣಗಳಾಗಿ ಒಡೆಯಿತು. ಬೆಲಿನ್ಸ್ಕಿ, ಗ್ರನೋವ್ಸ್ಕಿ ಮೊದಲಾದ ಪಾಶ್ಚಾತ್ಯವಾದಿಗಳು ಯುರೋಪಿನ ಹಾದಿಯನ್ನೇ ರಷ್ಯಾ ತುಳಿಯಬೇಕೆಂದರು. ಖೊಮ್ಯಾಕೊವ್, ಕಿರೆಯೆವ್ಸ್ಕಿ ಮೊದಲಾದ ಸ್ಲಾವ್‌ವಾದಿಗಳು ಸಾಂಪ್ರದಾಯಿಕ ಕ್ರೈಸ್ತಧರ್ಮ ಮತ್ತು ಗ್ರಾಮ ಸಮುದಾಯದಲ್ಲಿ ರಷ್ಯಾದ ಸ್ವಂತ ಸತ್ವವನ್ನು ಕಂಡರು.

1869ರಲ್ಲಿ ನಿಕೊಲಾಯ್ ದನಿಲೆವ್ಸ್ಕಿಯು ‘ರಷ್ಯಾ ಮತ್ತು ಯುರೋಪ್’ ಎಂಬ ಕೃತಿಯಲ್ಲಿ ಸ್ಲಾವ್ ಜಗತ್ತು ಯುರೋಪಿನಿಂದ ಬೇರೆಯಾದ ಸಾಂಸ್ಕೃತಿಕ ಘಟಕವೆಂದು ಪ್ರತಿಪಾದಿಸಿದನು. 1917ರ ಕ್ರಾಂತಿಯ ನಂತರ ದೇಶಭ್ರಷ್ಟರಾದ ನಿಕೊಲಾಯ್ ತ್ರುಬೆತ್ಸ್ಕೊಯ್, ಪ್ಯೋತ್ರ್ ಸವಿತ್ಸ್ಕಿ ಮೊದಲಾದವರು 1921ರಲ್ಲಿ ಸೋಫಿಯಾ ನಗರದಲ್ಲಿ ಪ್ರಕಟಿಸಿದ ಪ್ರಬಂಧ ಸಂಕಲನದೊಂದಿಗೆ ಯುರೇಷ್ಯಾವಾದ ಆರಂಭವಾಯಿತು. ಇದರ ಪ್ರಕಾರ ರಷ್ಯಾ ಯುರೋಪೂ ಅಲ್ಲ, ಏಷ್ಯಾವೂ ಅಲ್ಲ. ಸ್ಲಾವ್, ತುರ್ಕಿ ಮತ್ತಿತರ ಜನಾಂಗಗಳ ಒಡನಾಟದಿಂದ ರೂಪುಗೊಂಡ ಮೂರನೆಯ ಭೂಖಂಡ.

ಸೋವಿಯತ್ ಕಾಲ

ಸೋವಿಯತ್ ಒಕ್ಕೂಟದಲ್ಲಿ ಈ ಪ್ರಶ್ನೆಯು ಮಾರ್ಕ್ಸ್‌ವಾದದ ಪರಿಭಾಷೆಯಲ್ಲಿ ಮುಂದುವರಿಯಿತು. ವಿಶ್ವಕ್ರಾಂತಿಯಿಲ್ಲದೆ ಸೋವಿಯತ್ ರಾಜ್ಯ ಉಳಿಯಲಾರದೆಂಬ ಟ್ರಾಟ್ಸ್ಕಿಯ ನಿಲುವಿಗೆ ಪ್ರತಿಯಾಗಿ, ಒಂದೇ ದೇಶದಲ್ಲಿ ಸಮಾಜವಾದವನ್ನು ಕಟ್ಟಬಹುದೆಂಬ ವಾದವನ್ನು ಸ್ಟಾಲಿನ್ 1924ರಲ್ಲಿ ಮುಂದಿಟ್ಟನು. 1956ರ ಪಕ್ಷದ 20ನೆಯ ಮಹಾಧಿವೇಶನದಲ್ಲಿ ಕ್ರುಶ್ಚೇವ್ ಬಂಡವಾಳಶಾಹಿ ರಾಷ್ಟ್ರಗಳೊಂದಿಗೆ ಶಾಂತಿಯುತ ಸಹಬಾಳ್ವೆಯ ನೀತಿಯನ್ನು ಪ್ರತಿಪಾದಿಸಿದನು. ಆದರೆ 1956ರಲ್ಲಿ ಹಂಗೆರಿಗೂ 1968ರಲ್ಲಿ ಚೆಕೊಸ್ಲೊವಾಕಿಯಾಕ್ಕೂ ಸೇನೆ ನುಗ್ಗಿದಾಗ ಈ ಸಹಬಾಳ್ವೆಯ ಮಿತಿ ಬಯಲಾಯಿತು. 1980ರ ದಶಕದ ಉತ್ತರಾರ್ಧದಲ್ಲಿ ಮಿಖಾಯಿಲ್ ಗೋರ್ಬಚೆವ್ ‘ಹೊಸ ಚಿಂತನೆ’ಯನ್ನು ಮಂಡಿಸಿ, ವರ್ಗಸಂಘರ್ಷಕ್ಕಿಂತ ಇಡೀ ಮಾನವಕುಲದ ಹಿತವೇ ಮೇಲೆಂದರು. 1989ರ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನದಿಂದ ಸೋವಿಯತ್ ಸೇನೆಯ ವಾಪಸಾತಿ ಪೂರ್ಣಗೊಂಡಿತು.

ಪಾಶ್ಚಾತ್ಯವಾದಿಗಳು

1991ರಲ್ಲಿ ಸೋವಿಯತ್ ಒಕ್ಕೂಟ ವಿಘಟನೆಗೊಂಡಾಗ ಪಾಶ್ಚಾತ್ಯವಾದವು ಅಧಿಕೃತ ನೀತಿಯಾಯಿತು. ಬೋರಿಸ್ ಯೆಲ್ಟ್ಸಿನ್‌ರ ವಿದೇಶಾಂಗ ಸಚಿವ ಆಂಡ್ರೇ ಕೋಜಿರೆವ್ ಇದರ ಪ್ರಮುಖ ಪ್ರತಿನಿಧಿ. ಪ್ರಜಾಪ್ರಭುತ್ವ ಮತ್ತು ಮಾರುಕಟ್ಟೆ ಆರ್ಥಿಕತೆಯನ್ನು ಒಪ್ಪಿಕೊಂಡ ರಷ್ಯಾಕ್ಕೆ ಪಾಶ್ಚಾತ್ಯ ರಾಷ್ಟ್ರಗಳು ಸಹಜ ಮಿತ್ರರು ಎಂಬುದು ಅವರ ನಂಬಿಕೆಯಾಗಿತ್ತು. ಇದೇ ಅವಧಿಯಲ್ಲಿ ಯೆಲ್ಟ್ಸಿನ್‌ರ ಸಲಹೆಗಾರ ಸೆರ್ಗೇಯ್ ಸ್ತಾಂಕೆವಿಚ್, ಅಟ್ಲಾಂಟಿಕ್‌ವಾದ ಮತ್ತು ಯುರೇಷ್ಯಾವಾದಗಳ ನಡುವೆ ಸಮತೋಲನ ಬೇಕೆಂದು 1992ರಲ್ಲಿ ಬರೆದ ಲೇಖನವು ವ್ಯಾಪಕ ಚರ್ಚೆಗೆ ಒಳಗಾಯಿತು.

1992ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಯುರೋಪಿನ ವಿದೇಶಾಂಗ ಸಚಿವರ ಸಭೆಯಲ್ಲಿ ಕೋಜಿರೆವ್ ಇದ್ದಕ್ಕಿದ್ದಂತೆ ಪಾಶ್ಚಾತ್ಯ ವಿರೋಧಿ ಭಾಷಣ ಮಾಡಿದರು. ಹಿಂದಿನ ಸೋವಿಯತ್ ಪ್ರದೇಶದಲ್ಲಿ ತನ್ನ ಹಿತವನ್ನು ಕಾಯಲು ರಷ್ಯಾ ಸೇನಾಬಲವನ್ನೂ ಬಳಸಬಹುದೆಂಬ ಧ್ವನಿ ಅದರಲ್ಲಿತ್ತು. ಸಭೆಯಲ್ಲಿದ್ದವರು ದಿಗ್ಭ್ರಮೆಗೊಂಡರು. ಸ್ವಲ್ಪ ಸಮಯದ ನಂತರ ಮತ್ತೆ ವೇದಿಕೆಗೆ ಬಂದ ಅವರು, ಸುಧಾರಣೆಗಳು ವಿಫಲವಾದರೆ ರಷ್ಯಾದಿಂದ ಕೇಳಿಬರಬಹುದಾದ ಮಾತು ಅದೆಂದು ತೋರಿಸಲಷ್ಟೇ ಹಾಗೆ ಮಾತನಾಡಿದ್ದಾಗಿ ತಿಳಿಸಿದರು.

ಪ್ರಭುತ್ವವಾದಿಗಳು

ರಷ್ಯನ್ ಭಾಷೆಯಲ್ಲಿ ‘ದೆರ್ಝಾವಾ’ ಎಂದರೆ ಮಹಾಶಕ್ತಿ. ಆ ಪದದಿಂದ ‘ದೆರ್ಝಾವ್ನಿಕಿ’ ಎಂದು ಕರೆಸಿಕೊಳ್ಳುವ ಪ್ರಭುತ್ವವಾದಿಗಳಿಗೆ ರಾಜ್ಯದ ಸ್ಥಿರತೆ, ಸಾರ್ವಭೌಮತ್ವ ಮತ್ತು ಅಂತರರಾಷ್ಟ್ರೀಯ ಸ್ಥಾನಮಾನಗಳೇ ಮುಖ್ಯ. ಇವರು ತಾತ್ವಿಕವಾಗಿ ಪಾಶ್ಚಾತ್ಯ ವಿರೋಧಿಗಳಲ್ಲ. ಸಮಾನ ಸ್ಥಾನ ದೊರೆಯುವುದಾದರೆ ಸಹಕಾರಕ್ಕೆ ಸಿದ್ಧರು.

1996ರ ಜನವರಿಯಲ್ಲಿ ವಿದೇಶಾಂಗ ಸಚಿವರಾದ ಯೆವ್ಗೆನಿ ಪ್ರಿಮಾಕೊವ್ ಈ ಪಂಥದ ಪ್ರಮುಖ ಪ್ರತಿಪಾದಕರು. ಕ್ರಿಮಿಯಾ ಯುದ್ಧದಲ್ಲಿ ಸೋತ ರಷ್ಯಾವನ್ನು ತಾಳ್ಮೆಯ ರಾಜತಂತ್ರದಿಂದ ಮೇಲೆತ್ತಿದ 19ನೆಯ ಶತಮಾನದ ವಿದೇಶಾಂಗ ಸಚಿವ ಅಲೆಕ್ಸಾಂಡರ್ ಗೊರ್ಚಕೊವ್ ಅವರಿಗೆ ಆದರ್ಶ. ಏಕೈಕ ಮಹಾಶಕ್ತಿಯ ಯಜಮಾನಿಕೆಗೆ ಬದಲಾಗಿ ಬಹುಧ್ರುವೀಯ ಜಗತ್ತು ರೂಪುಗೊಳ್ಳಬೇಕೆಂಬುದು ಪ್ರಿಮಾಕೊವ್‌ರ ಮೂಲಸೂತ್ರವಾಗಿತ್ತು. ಆದರೂ ನ್ಯಾಟೋ ವಿಸ್ತರಣೆಯನ್ನು ವಿರೋಧಿಸುತ್ತಲೇ 1997ರಲ್ಲಿ ಆ ಒಕ್ಕೂಟದೊಂದಿಗೆ ಅವರು ಒಪ್ಪಂದವನ್ನು ರೂಪಿಸಿದರು. ಪ್ರಧಾನಿಯಾಗಿ 1999ರ ಮಾರ್ಚ್ 24ರಂದು ವಾಷಿಂಗ್ಟನ್‌ಗೆ ತೆರಳುತ್ತಿದ್ದಾಗ, ಯುಗೊಸ್ಲಾವಿಯಾದ ಮೇಲೆ ನ್ಯಾಟೋ ಬಾಂಬ್ ದಾಳಿ ಸನ್ನಿಹಿತವಾಗಿದೆಯೆಂದು ತಿಳಿದು, ಅಟ್ಲಾಂಟಿಕ್ ಸಾಗರದ ಮೇಲಿನಿಂದಲೇ ವಿಮಾನವನ್ನು ಹಿಂದಿರುಗಿಸಿದರು.

ನಾಗರಿಕತಾವಾದಿಗಳು

ರಷ್ಯಾದ ಮೌಲ್ಯಗಳು ಪಾಶ್ಚಾತ್ಯ ಮೌಲ್ಯಗಳಿಂದ ಮೂಲತಃ ಭಿನ್ನವೆಂದೂ ಅವುಗಳನ್ನು ಗಡಿಯಾಚೆಗೂ ಕಾಪಾಡುವುದು ರಾಜ್ಯದ ಹೊಣೆಯೆಂದೂ ಈ ಪಂಥವು ಭಾವಿಸುತ್ತದೆ. ಸ್ಲಾವ್‌ವಾದ ಮತ್ತು ಯುರೇಷ್ಯಾವಾದಗಳ ಉತ್ತರಾಧಿಕಾರಿಗಳು ಈ ಗುಂಪಿಗೆ ಸೇರುತ್ತಾರೆ. ಅಲೆಕ್ಸಾಂಡರ್ ದುಗಿನ್ 1997ರಲ್ಲಿ ಪ್ರಕಟಿಸಿದ ‘ಭೂರಾಜಕೀಯದ ಮೂಲತತ್ವಗಳು’ ಕೃತಿಯು ನವಯುರೇಷ್ಯಾವಾದದ ಉಗ್ರ ರೂಪವನ್ನು ಪ್ರತಿನಿಧಿಸುತ್ತದೆ. ರಷ್ಯನ್ ಭಾಷೆ ಮತ್ತು ಸಂಸ್ಕೃತಿಗೆ ಸೇರಿದವರೆಲ್ಲರನ್ನೂ ಒಳಗೊಳ್ಳುವ ‘ರಷ್ಯನ್ ಜಗತ್ತು’ ಎಂಬ ಪರಿಕಲ್ಪನೆಯೂ ಇದಕ್ಕೆ ಹತ್ತಿರವಾದುದು. ಅದೇ ಹೆಸರಿನ ಪ್ರತಿಷ್ಠಾನವನ್ನು ಸರ್ಕಾರವು 2007ರಲ್ಲಿ ಸ್ಥಾಪಿಸಿತು.

ಪುಟಿನ್ ಆಡಳಿತದಲ್ಲಿ ಪಂಥಗಳು

ವ್ಲಾದಿಮಿರ್ ಪುಟಿನ್‌ರ ಆಡಳಿತವು ಮೂರೂ ಪಂಥಗಳಿಂದ ಬೇರೆ ಬೇರೆ ಕಾಲಗಳಲ್ಲಿ ಎರವಲು ಪಡೆದಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕಕ್ಕೆ ಸಹಕಾರ ನೀಡಲಾಯಿತು. 2007ರ ಮ್ಯೂನಿಕ್ ಭಾಷಣದಲ್ಲಿ ಏಕಧ್ರುವೀಯ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಲಾಯಿತು. 2008ರಲ್ಲಿ ಜಾರ್ಜಿಯಾದೊಂದಿಗೆ ಯುದ್ಧ ನಡೆಯಿತು. 2014ರಲ್ಲಿ ಕ್ರಿಮಿಯಾವನ್ನು ರಷ್ಯಾ ತನ್ನೊಳಗೆ ಸೇರಿಸಿಕೊಂಡಾಗ ನಾಗರಿಕತಾವಾದದ ಭಾಷೆ ಮುನ್ನೆಲೆಗೆ ಬಂದಿತು. 2022ರ ಫೆಬ್ರವರಿ 24ರಂದು ಉಕ್ರೇನ್ ಮೇಲೆ ಪೂರ್ಣಪ್ರಮಾಣದ ಆಕ್ರಮಣ ಆರಂಭವಾಯಿತು. 2023ರ ಮಾರ್ಚ್ 31ರಂದು ಅಂಗೀಕೃತವಾದ ವಿದೇಶಾಂಗ ನೀತಿ ದಾಖಲೆಯು ರಷ್ಯಾವನ್ನು ಸ್ವಂತಿಕೆಯುಳ್ಳ ‘ನಾಗರಿಕತಾ ರಾಜ್ಯ’ವೆಂದು ವರ್ಣಿಸುತ್ತದೆ.

ಯುದ್ಧದ ಪ್ರಶ್ನೆಯಲ್ಲಿ ಚಿಂತಕರು ಪಂಥಗಳಿಗೆ ಅನುಗುಣವಾಗಿಯೇ ನಿಲ್ಲಲಿಲ್ಲ. ಪಾಶ್ಚಾತ್ಯ ವಿರೋಧಿಯೆಂದೇ ಹೆಸರಾಗಿದ್ದ ನಿವೃತ್ತ ಸೇನಾಧಿಕಾರಿ ಲಿಯೊನಿದ್ ಇವಾಶೊವ್, ಆಕ್ರಮಣಕ್ಕೆ ಕೆಲವೇ ವಾರಗಳ ಮೊದಲು ಉಕ್ರೇನ್ ಮೇಲಿನ ಯುದ್ಧವನ್ನು ವಿರೋಧಿಸಿ ಬಹಿರಂಗ ಮನವಿ ಪ್ರಕಟಿಸಿದರು. 2023ರಲ್ಲಿ ಅಣ್ವಸ್ತ್ರ ಬಳಕೆಯ ಮಿತಿಯನ್ನು ಸಡಿಲಿಸಬೇಕೆಂದು ಸೆರ್ಗೇಯ್ ಕರಗಾನೊವ್ ಬರೆದಾಗ, ಅಲೆಕ್ಸೇಯ್ ಅರ್ಬಾತೊವ್ ಮೊದಲಾದ ರಷ್ಯಾದ ತಜ್ಞರೇ ಅದನ್ನು ಖಂಡಿಸಿದರು.

ಭಾರತದ ಮೇಲಿನ ಪರಿಣಾಮ

ಯಾವ ಪಂಥದ ಕೈ ಮೇಲಾಗಿದೆ ಎಂಬುದು ಭಾರತಕ್ಕೂ ಮಹತ್ವದ ವಿಷಯವಾಗಿದೆ. 1991ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಸ್ರೋ ಮತ್ತು ಸೋವಿಯತ್ ಸಂಸ್ಥೆ ಗ್ಲಾವ್‌ಕಾಸ್ಮಾಸ್ ನಡುವೆ ಕ್ರಯೋಜೆನಿಕ್ ಎಂಜಿನ್ ಹಾಗೂ ಅದರ ತಂತ್ರಜ್ಞಾನ ವರ್ಗಾವಣೆಯ ಒಪ್ಪಂದವಾಗಿತ್ತು. 1992ರಲ್ಲಿ ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು. ಪಾಶ್ಚಾತ್ಯ ರಾಷ್ಟ್ರಗಳ ಸ್ನೇಹಕ್ಕೆ ಆದ್ಯತೆಯಿದ್ದ ಆ ಅವಧಿಯಲ್ಲಿ, 1993ರಲ್ಲಿ ರಷ್ಯಾ ತಂತ್ರಜ್ಞಾನ ವರ್ಗಾವಣೆಯಿಂದ ಹಿಂದೆ ಸರಿದು, ಸಿದ್ಧ ಎಂಜಿನ್‌ಗಳನ್ನು ಮಾತ್ರ ಒದಗಿಸಲು ಒಪ್ಪಿತು. ರಷ್ಯಾದ ಕ್ರಯೋಜೆನಿಕ್ ಹಂತದೊಂದಿಗೆ ಜಿಎಸ್‌ಎಲ್‌ವಿ ರಾಕೆಟ್ 2001ರಲ್ಲಿ ಮೊದಲ ಬಾರಿಗೆ ಹಾರಿತು. ಸ್ವದೇಶಿ ಕ್ರಯೋಜೆನಿಕ್ ಎಂಜಿನ್‌ನೊಂದಿಗೆ ಅದರ ಯಶಸ್ವಿ ಉಡಾವಣೆಗೆ 2014ರ ಜನವರಿಯವರೆಗೆ ಕಾಯಬೇಕಾಯಿತು.

ಪ್ರಭುತ್ವವಾದಿಗಳ ಕಾಲದಲ್ಲಿ ಭಾರತಕ್ಕೆ ಮತ್ತೆ ಪ್ರಾಶಸ್ತ್ಯ ದೊರೆಯಿತು. 1998ರ ಡಿಸೆಂಬರ್‌ನಲ್ಲಿ ದೆಹಲಿಗೆ ಬಂದಿದ್ದ ಪ್ರಿಮಾಕೊವ್, ರಷ್ಯಾ, ಭಾರತ ಮತ್ತು ಚೀನಾಗಳ ತ್ರಿಕೋನ ಸಹಕಾರದ ವಿಚಾರವನ್ನು ಮುಂದಿಟ್ಟರು. 2000ದಲ್ಲಿ ಭಾರತ ಮತ್ತು ರಷ್ಯಾ ಕಾರ್ಯತಂತ್ರ ಸಹಭಾಗಿತ್ವದ ಘೋಷಣೆಗೆ ಸಹಿ ಹಾಕಿದವು.

ವಿಮರ್ಶೆ

ಈ ಪಂಥಗಳನ್ನು ಕಟ್ಟುನಿಟ್ಟಾದ ಪಕ್ಷಗಳೆಂದು ಭಾವಿಸುವುದು ಸರಿಯಲ್ಲ. ಒಬ್ಬನೇ ನಾಯಕ ಕಾಲಕ್ಕೆ ತಕ್ಕಂತೆ ಒಂದು ಪಂಥದಿಂದ ಇನ್ನೊಂದಕ್ಕೆ ಸರಿದ ನಿದರ್ಶನಗಳಿವೆ. ಅಲ್ಲದೆ, 1993ರ ಸಂವಿಧಾನದ ಪ್ರಕಾರ ವಿದೇಶಾಂಗ ನೀತಿಯ ಮೂಲ ದಿಕ್ಕನ್ನು ನಿರ್ಧರಿಸುವ ಅಧಿಕಾರ ಅಧ್ಯಕ್ಷರದ್ದು. ಹೀಗಾಗಿ ಚಿಂತಕರ ವಾದಗಳು ಹಲವು ವೇಳೆ ನಿರ್ಧಾರಕ್ಕೆ ಕಾರಣವಾಗುವ ಬದಲು, ಈಗಾಗಲೇ ಕೈಗೊಂಡ ನಿರ್ಧಾರಕ್ಕೆ ಸಮರ್ಥನೆಯಾಗಿ ಬಳಕೆಯಾಗುತ್ತವೆ ಎಂಬ ಟೀಕೆಯಿದೆ. ನ್ಯಾಟೋ ವಿಸ್ತರಣೆಯೇ ರಷ್ಯಾವನ್ನು ಪಾಶ್ಚಾತ್ಯವಾದದಿಂದ ದೂರ ತಳ್ಳಿತೆಂದು ಕೆಲವರು ವಾದಿಸಿದರೆ, ದೇಶದೊಳಗೆ ಅಧಿಕಾರದ ಕೇಂದ್ರೀಕರಣವೇ ಅದಕ್ಕೆ ಮುಖ್ಯ ಕಾರಣವೆಂದು ಇತರರು ಅಭಿಪ್ರಾಯಪಡುತ್ತಾರೆ. 2022ರ ನಂತರ ಯುದ್ಧವನ್ನು ವಿರೋಧಿಸಿದ ಅನೇಕ ವಿದ್ವಾಂಸರು ಮತ್ತು ಪತ್ರಕರ್ತರು ದೇಶವನ್ನು ತೊರೆದಿದ್ದು, ರಷ್ಯಾದೊಳಗೆ ಪಾಶ್ಚಾತ್ಯವಾದದ ಬಹಿರಂಗ ಪ್ರತಿಪಾದನೆ ಬಹುಮಟ್ಟಿಗೆ ನಿಂತಿದೆ.