ಕೈಯೇ ಬೀಗದ ಕೈ ಆದಾಗ

1998ರ ಆಗಸ್ಟ್ 24. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಪ್ರೊಫೆಸರ್ ಕೆವಿನ್ ವಾರ್ವಿಕ್ ತಮ್ಮ ತೋಳಿನ ಚರ್ಮದಡಿ ಚಿಪ್ ಇರುವ ಗಾಜಿನ ಪುಟ್ಟ ಕೊಳವೆಯೊಂದನ್ನು ಇಡಿಸಿಕೊಂಡರು. ಅವರು ಹತ್ತಿರ ಬಂದರೆ ಸಾಕು, ವಿಭಾಗದ ಬಾಗಿಲು ತೆರೆಯುತ್ತಿತ್ತು, ದೀಪ ಹೊತ್ತುತ್ತಿತ್ತು.

ಇಂದು ಬಳಕೆಯಲ್ಲಿರುವ ಚಿಪ್ ಹೆಚ್ಚುಕಡಿಮೆ ಅಕ್ಕಿಕಾಳಿನಷ್ಟು: ಸುಮಾರು 12 ಮಿ.ಮೀ. ಉದ್ದ, 2 ಮಿ.ಮೀ. ದಪ್ಪ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸಿರಿಂಜಿನಿಂದ ಅದನ್ನು ಸೇರಿಸುತ್ತಾರೆ. ಬ್ಯಾಟರಿ ಇಲ್ಲ. ರೀಡರ್ ಹತ್ತಿರ ಕೈ ಹಿಡಿದಾಗ ಅದರ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಒಪ್ಪಿಸುತ್ತದೆ. ನಮ್ಮ ಮೆಟ್ರೊ ಕಾರ್ಡ್ ಮಾಡುವುದೂ ಇದನ್ನೇ. ಉಪಗ್ರಹದಿಂದ ನಮ್ಮನ್ನು ಹಿಂಬಾಲಿಸುವ ತಾಕತ್ತು ಇದಕ್ಕಿಲ್ಲ.

ಅನುಕೂಲ ಕಣ್ಣಿಗೆ ಕಾಣುವಂಥದ್ದು. ಕೀಲಿ ಕಳೆಯುವುದಿಲ್ಲ, ಪಾಸ್‌ವರ್ಡ್ ಮರೆಯುವುದಿಲ್ಲ. ಪ್ರಜ್ಞೆ ತಪ್ಪಿ ಬಂದ ರೋಗಿ ಯಾರೆಂದು ವೈದ್ಯರಿಗೆ ತಿಳಿಯಲಿ ಎಂದು ರೂಪಿಸಿದ 'ವೆರಿಚಿಪ್'ಗೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಜನ ಒಲಿಯಲಿಲ್ಲ, 2010ರ ಹೊತ್ತಿಗೆ ಅದರ ಮಾರಾಟ ನಿಂತಿತು. ಸ್ವೀಡನ್ನಿನಲ್ಲಿ ಮಾತ್ರ ಸಾವಿರಾರು ಮಂದಿ ಚಿಪ್ ಹಾಕಿಸಿಕೊಂಡರು. 2017ರಲ್ಲಿ ಅಲ್ಲಿನ ರೈಲು ಸಂಸ್ಥೆ ಎಸ್‌ಜೆ ಕೈಯನ್ನೇ ಟಿಕೆಟ್ ಎಂದು ಒಪ್ಪಿಕೊಂಡಿತು. ಆರಂಭದಲ್ಲಿ ಕೆಲವೊಮ್ಮೆ ಟಿಕೆಟ್ ಬದಲು ಪ್ರಯಾಣಿಕರ ಲಿಂಕ್ಡ್‌ಇನ್ ಪುಟ ತೆರೆದುಕೊಂಡದ್ದೂ ಉಂಟು!

ನಗು ಬರಿಸುವ ಈ ಎಡವಟ್ಟಿನಲ್ಲೇ ಆತಂಕದ ಬೇರಿದೆ. ಚಿಪ್‌ಗೆ ನೆನಪು ಕಮ್ಮಿ, ನೆನಪಿಟ್ಟುಕೊಳ್ಳುವುದು ಬಾಗಿಲು. ಯಾರು, ಎಷ್ಟು ಹೊತ್ತಿಗೆ ಒಳಬಂದರು, ಎಷ್ಟು ಸಲ ಹೊರಹೋದರು ಎಂಬ ಲೆಕ್ಕವೆಲ್ಲ ಸರ್ವರ್‌ನಲ್ಲಿ ಉಳಿಯುತ್ತದೆ. 2017ರಲ್ಲೇ ಅಮೆರಿಕದ ವಿಸ್ಕಾನ್ಸಿನ್‌ನ 'ಥ್ರೀ ಸ್ಕ್ವೇರ್ ಮಾರ್ಕೆಟ್' ಕಂಪನಿಯ ಹತ್ತಾರು ನೌಕರರು ಸ್ವಇಚ್ಛೆಯಿಂದ ಚಿಪ್ ಹಾಕಿಸಿಕೊಂಡರು. ಬಲವಂತದ ಚಿಪ್ ಅನ್ನು ಆ ರಾಜ್ಯ 2006ರಲ್ಲೇ ಕಾನೂನಿನಿಂದ ನಿಷೇಧಿಸಿತ್ತು. ಆದರೆ ಸಂಬಳ ಕೊಡುವವರು ಮೆಲ್ಲಗೆ ಕೇಳಿದಾಗ 'ಒಲ್ಲೆ' ಎನ್ನುವ ಧೈರ್ಯ ಎಷ್ಟು ಜನಕ್ಕಿದ್ದೀತು? ಕಾರ್ಡಾದರೆ ಕಚೇರಿಯ ಮೇಜಿನ ಮೇಲಿಟ್ಟು ಮನೆಗೆ ಹೋಗಬಹುದು. ಚಿಪ್ ಊಟಕ್ಕೂ ನಿದ್ದೆಗೂ ಜೊತೆಗೇ ಬರುತ್ತದೆ.

ವಾರ್ವಿಕ್ ಪ್ರಯೋಗಕ್ಕೆ ಸರಿಯಾಗಿ 19 ವರ್ಷ ತುಂಬಿದ ದಿನ, 2017ರ ಆಗಸ್ಟ್ 24ರಂದು, ನಮ್ಮ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆಧಾರ್ ಪ್ರಶ್ನಿಸಿ ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಾಳೆ ಯಾರಾದರೂ ಸೂಜಿ ಹಿಡಿದು ಬಂದರೆ ಕೈ ಚಾಚುವ ಮುನ್ನ ಎರಡೇ ಪ್ರಶ್ನೆ ಕೇಳಿ: ಲೆಕ್ಕ ಯಾರ ಬಳಿ ಇರುತ್ತದೆ? ಬೇಡವೆಂದರೆ ಕೆಲಸ ಉಳಿಯುತ್ತದೆಯೇ?