ಐದು ಊರುಗಳ ಮಾತು

ಭಾರತದ ಕಥೆಯಲ್ಲಿ ಯುದ್ಧವಲ್ಲದೆ ಇನ್ನೊಂದು ದಾರಿಯೂ ತೆರೆದಿತ್ತೆಂಬುದನ್ನು ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ. ಅರ್ಧರಾಜ್ಯ ಬೇಡ, ಐದು ಊರುಗಳು ಸಾಕು ಎಂಬಲ್ಲಿಗೆ ಪಾಂಡವರ ಬೇಡಿಕೆ ಇಳಿದಿತ್ತು. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದ ಮೇಲೆ ಹದಿನೆಂಟು ಅಕ್ಷೋಹಿಣಿ ಸೈನ್ಯ ನೆಲಕ್ಕೊರಗಿತು. ಈ ಭಾಗವನ್ನು ಪಾಠ ಹೇಳುವಾಗ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ಕೇಳುವುದುಂಟು: “ಆದರೂ ಸಾರ್, ಕೊನೆಗೆ ಜಗಳ ಬಗೆಹರಿದದ್ದು ಯುದ್ಧದಿಂದಲೇ ಅಲ್ಲವೆ?”

ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಅಹಿಂಸೆಯ ಮೇಲೆ ನಾಲ್ಕು ಒಳ್ಳೆಯ ಮಾತು ಹೇಳಿ ಗಂಟೆ ಹೊಡೆಯುವ ತನಕ ಕಾಲ ಕಳೆಯಬಹುದು. ಕೇಳಿದವನಿಗೆ ಅದು ಉತ್ತರವಾಗದು. ಹಿಂಸೆ ಸೋತ ಕಡೆಯನ್ನು ತೋರಿಸಿ ಅದು ನಿಷ್ಫಲವೆನ್ನುವುದೂ ಸುಲಭದ ಮಾತೇ. ಅದು ನಿಸ್ಸಂಶಯವಾಗಿ ಗೆದ್ದ ಕಡೆಯಲ್ಲಿ ಏನಾಯಿತೆಂಬುದನ್ನು ನೋಡಬೇಕು. ಅಂಥ ನಿದರ್ಶನ ನಮ್ಮ ನೆರೆಯ ಶ್ರೀಲಂಕೆಯಲ್ಲಿಯೇ ಇದೆ.

ಅಲ್ಲಿಯ ಕಲಹಕ್ಕೆ ಕಾರಣಗಳು ಹಲವು. ತೋಟದ ಕೂಲಿಗಳ ಪೌರತ್ವದ ಪ್ರಶ್ನೆಯಿತ್ತು, ನೆಲದ ಪ್ರಶ್ನೆಯಿತ್ತು. ಆದರೆ ಭಾಷೆಯ ಪಾಠ ಹೇಳಿ ಬದುಕುವ ನನ್ನಂಥವನ ಮನಸ್ಸಿಗೆ ನಾಟುವುದು 1956ರ ಜೂನ್ ತಿಂಗಳ ಕಾಯಿದೆ. ಅದು ಸಿಂಹಳವೊಂದನ್ನೇ ಅಧಿಕೃತ ಭಾಷೆಯನ್ನಾಗಿ ಮಾಡಿತು. ತನ್ನ ಸರ್ಕಾರ ತನಗೆ ಬರೆದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದವನ ಅವಮಾನ ಎಂಥದೆಂಬುದನ್ನು ಕನ್ನಡ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ಮರುವರ್ಷ, 1957ರ ಜುಲೈ 26ರಂದು, ಪ್ರಧಾನಿ ಬಂಡಾರನಾಯಕೆಯವರೂ ತಮಿಳರ ಫೆಡರಲ್ ಪಕ್ಷದ ನಾಯಕ ಚೆಲ್ವನಾಯಗಂ ಅವರೂ ಒಂದು ಒಪ್ಪಂದ ಮಾಡಿಕೊಂಡರು. ಉತ್ತರ ಮತ್ತು ಪೂರ್ವ ಪ್ರಾಂತಗಳಲ್ಲಿ ಆಡಳಿತ ತಮಿಳಿನಲ್ಲಿ ನಡೆಯಬೇಕು. ಪ್ರಾದೇಶಿಕ ಮಂಡಳಿಗಳಿಗೆ ಒಂದಿಷ್ಟು ಅಧಿಕಾರ ಸಿಗಬೇಕು. ಪ್ರತ್ಯೇಕ ದೇಶದ ಸೊಲ್ಲೇ ಅದರಲ್ಲಿರಲಿಲ್ಲ. ಇವೇ ಲಂಕೆಯ ಐದು ಊರುಗಳು. ಆ ಅಕ್ಟೋಬರ್‌ನಲ್ಲಿ ವಿರೋಧಪಕ್ಷದ ಜೆ. ಆರ್. ಜಯವರ್ಧನೆಯವರು ಒಪ್ಪಂದವನ್ನು ಖಂಡಿಸಿ ಕ್ಯಾಂಡಿಗೆ ಪಾದಯಾತ್ರೆ ಹೊರಟರು. 1958ರ ಏಪ್ರಿಲ್‌ನಲ್ಲಿ ಬೌದ್ಧ ಭಿಕ್ಷುಗಳು ಪ್ರಧಾನಿಯ ಮನೆಯ ಮುಂದೆ ಬಂದು ಕುಳಿತರು. ಬಂಡಾರನಾಯಕೆಯವರು ಒಪ್ಪಂದವನ್ನು ರದ್ದುಮಾಡಿದರು. ಮುಂದಿನ ತಿಂಗಳೇ ಗಲಭೆಗಳಾದವು. ಅಷ್ಟು ಮಣಿದರೂ ಅವರ ಜೀವ ಉಳಿಯಲಿಲ್ಲ. 1959ರ ಸೆಪ್ಟೆಂಬರ್‌ನಲ್ಲಿ ಒಬ್ಬ ಭಿಕ್ಷುವೇ ಅವರಿಗೆ ಗುಂಡಿಕ್ಕಿದ.

ಕಾಲ ಎಂಥ ಹಾಸ್ಯಗಾರನೆಂದರೆ, 1987ರ ಜುಲೈ 29ರಂದು ಪ್ರಾಂತೀಯ ಮಂಡಳಿಗಳನ್ನು ರಚಿಸುತ್ತೇವೆ, ತಮಿಳಿಗೂ ಅಧಿಕೃತ ಸ್ಥಾನ ಕೊಡುತ್ತೇವೆ ಎಂದು ರಾಜೀವ್ ಗಾಂಧಿಯವರೊಡನೆ ಸಹಿ ಹಾಕಿದ ರಾಷ್ಟ್ರಾಧ್ಯಕ್ಷರು ಇದೇ ಜಯವರ್ಧನೆಯವರು. ಮೊದಲ ಒಪ್ಪಂದಕ್ಕೂ ಇದಕ್ಕೂ ನಡುವೆ ಮೂವತ್ತು ವರ್ಷ, ಮೂರು ದಿನ.

ಆದರೆ ಆ ಮೂವತ್ತು ವರ್ಷಗಳಲ್ಲಿ ಕೇಳುವವರು ಬದಲಾಗಿದ್ದರು. 1981ರ ಮೇ ಕೊನೆಯ ರಾತ್ರಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿಯಿಟ್ಟರು. ಸುಮಾರು 97,000 ಪುಸ್ತಕಗಳು ಮತ್ತು ಓಲೆಗರಿಯ ಹಸ್ತಪ್ರತಿಗಳು ಬೂದಿಯಾದವು. ಒಂದೊಂದು ತಾಳೆಗರಿಯ ಪ್ರತಿಗಾಗಿ ಊರೂರು ಅಲೆದ ನಮ್ಮ ಸಂಪಾದಕರ ಪರಂಪರೆಯನ್ನು ಬಲ್ಲವರಿಗೆ ಈ ನಷ್ಟದ ಆಳ ತಿಳಿದೀತು. ಕಟ್ಟಡ ಮತ್ತೆ ಎದ್ದಿದೆ. ಸುಟ್ಟ ಗರಿಗಳು ಮರಳಲಿಲ್ಲ. 1983ರ ಜುಲೈನಲ್ಲಿ ಹುಲಿಗಳು ಹದಿಮೂರು ಸೈನಿಕರನ್ನು ಕೊಂದರು. ಅದರ ಬೆನ್ನಿಗೇ ಕೊಲಂಬೊದಲ್ಲಿ ತಮಿಳರ ಮನೆ ಅಂಗಡಿಗಳು ಉರಿದವು. ಐದು ಊರುಗಳನ್ನು ಕೇಳಿದ್ದವರ ಮಕ್ಕಳು ಈಗ ಪೂರ್ತಿ ರಾಜ್ಯವನ್ನೇ ಕೇಳತೊಡಗಿದರು.

ಹಿಂಸೆಯ ಮೊದಲ ಬಲಿ ಶತ್ರುವಲ್ಲ, ನಡುವೆ ನಿಂತವನು ಎಂಬುದು ಈ ಚರಿತ್ರೆಯನ್ನು ಓದುವಾಗ ನನಗೆ ಮತ್ತೆ ಮತ್ತೆ ಕಂಡಿದೆ. ಚೆಲ್ವನಾಯಗಂ ಅವರ ದಾರಿಯಲ್ಲಿ ಬಂದ ಅಮೃತಲಿಂಗಂ ಅವರನ್ನು 1989ರಲ್ಲಿ ಕೊಂದವರು ಸಿಂಹಳರಲ್ಲ, ಹುಲಿಗಳು. ಅಧಿಕಾರ ಹಂಚಿಕೆಯ ಕರಡಿಗಾಗಿ ದುಡಿದ ನ್ಯಾಯಶಾಸ್ತ್ರಜ್ಞ ನೀಲನ್ ತಿರುಚೆಲ್ವಂ 1999ರ ಜುಲೈನಲ್ಲಿ ಕೊಲಂಬೊದ ಬೀದಿಯಲ್ಲಿ ಅವರ ಬಾಂಬಿಗೇ ಬಲಿಯಾದರು. 1987ರ ಕಾಗದಕ್ಕೆ ಸಹಿಯಿಟ್ಟ ರಾಜೀವ್ ಗಾಂಧಿಯವರ ಅಂತ್ಯವನ್ನು ಹೇಳಬೇಕಾಗಿಲ್ಲ. ಆ ಕೊಲೆಯ ಸೂತ್ರಧಾರ ಶಿವರಾಸನ್ ಮತ್ತು ಸಂಗಡಿಗರು 1991ರ ಆಗಸ್ಟ್‌ನಲ್ಲಿ ಹೆಣವಾಗಿ ಸಿಕ್ಕಿದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ.

2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲ್‌ನ ಮರಳಿನ ಮೇಲೆ ಯುದ್ಧ ಮುಗಿಯಿತು, ಪ್ರಭಾಕರನ್ ಸತ್ತರು. ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಇಪ್ಪತ್ತಾರು ವರ್ಷಗಳ ಆ ಯುದ್ಧ ಮತ್ತೆ ಹೊತ್ತಿಕೊಂಡಿಲ್ಲ. ಹುಡುಗರನ್ನು ಮನೆಯಿಂದೆಳೆದು ಕೈಗೆ ಬಂದೂಕು ಕೊಡುವವರು ಇಲ್ಲವಾದರು. ಇದನ್ನು ಅಲ್ಪವೆನ್ನುವವನು ಯುದ್ಧದ ನಡುವೆ ಮಕ್ಕಳನ್ನು ಸಾಕಿದವನಲ್ಲ. ಆದರೆ ಬೆಲೆಯೇನು? ಕೊನೆಯ ತಿಂಗಳುಗಳಲ್ಲಿ 40,000 ನಾಗರಿಕರವರೆಗೆ ಸತ್ತಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಲಂಕೆಯ ಸರ್ಕಾರ ಅದನ್ನು ಒಪ್ಪಲಿಲ್ಲ. ರನ್ನನ ಗದಾಯುದ್ಧವನ್ನು ನಾವು ವೀರರಸಕ್ಕಾಗಿ ಕೊಂಡಾಡುತ್ತೇವೆ. ಅದರಲ್ಲಿ ದುರ್ಯೋಧನ ತನ್ನವರ ಹೆಣಗಳ ನಡುವೆ ಒಬ್ಬೊಬ್ಬರನ್ನೇ ಗುರುತಿಸುತ್ತ ನಡೆಯುವ ಭಾಗದ ಬಳಿ ಇನ್ನಷ್ಟು ಹೊತ್ತು ನಿಲ್ಲಬೇಕು. ಕಿಲಿನೊಚ್ಚಿಯ ತಾಯಂದಿರಿಗೆ ಹಾಗೆ ಗುರುತಿಸಲು ಹೆಣಗಳೂ ಸಿಕ್ಕಲಿಲ್ಲ. ಕಾಣೆಯಾದವರ ಚಿತ್ರಗಳನ್ನು ಹಿಡಿದು ಅವರು 2017ರಲ್ಲಿ ರಸ್ತೆಬದಿಯಲ್ಲಿ ಧರಣಿ ಕುಳಿತರು.

ಮೂಲ ಪ್ರಶ್ನೆಯ ಗತಿಯೇನಾಯಿತು? ಉತ್ತರ ಪ್ರಾಂತದ ಮಂಡಳಿಗೆ ಮೊದಲ ಚುನಾವಣೆ ನಡೆದದ್ದು 2013ರಲ್ಲಿ. 2018ರಲ್ಲಿ ಅವಧಿ ಮುಗಿದ ಮೇಲೆ ಅದು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಬಿದ್ದಿತು. ನೆಲದ ಮೇಲಿನ ಅಧಿಕಾರ, ಪೊಲೀಸರ ಮೇಲಿನ ಅಧಿಕಾರ ಕಾಗದದಲ್ಲಿಯೇ ಉಳಿದವು. ಹಿಂಸೆ ಬಗೆಹರಿಸಿದ್ದು ತಾನೇ ತಂದ ಯುದ್ಧವನ್ನು; 1957ರ ಪ್ರಶ್ನೆ ಇದ್ದಲ್ಲಿಯೇ ಇದೆ.

ಕೋವಿಯಿಲ್ಲದಿದ್ದರೆ ಆಳುವವರು ಕಿವಿಗೊಡುತ್ತಿದ್ದರೆ ಎಂದು ಕೇಳುವವರಿದ್ದಾರೆ. ಅವರು ಮಿಜೋರಾಮನ್ನು ಉದಾಹರಿಸಬಹುದು. ಅಲ್ಲಿಯೂ 1959ರ ಬಿದಿರಕ್ಕಿಯ ಕ್ಷಾಮದ ಜೊತೆಗೆ, ಅಸ್ಸಾಮಿಯನ್ನು ಅಧಿಕೃತವಾಗಿಸಿದ 1960ರ ಕಾಯಿದೆಯ ಅಸಮಾಧಾನವಿತ್ತು. 1966ರಲ್ಲಿ ಬಂಡಾಯವೆದ್ದಿತು, ಭಾರತ ಸರ್ಕಾರ ಐಜ್ವಾಲ್‌ನ ಮೇಲೆ ವಿಮಾನಗಳಿಂದ ದಾಳಿ ಮಾಡಿತು, ಹಳ್ಳಿಗಳನ್ನು ಎತ್ತಿ ಕಾವಲಿನೊಳಗೆ ಕೂಡಿಹಾಕಿತು. ಇಪ್ಪತ್ತು ವರ್ಷಗಳಲ್ಲಿ ಕೋವಿ ಮಿಜೋಗಳಿಗೆ ಸ್ವಾತಂತ್ರ್ಯ ತರಲಿಲ್ಲ, ವಿಮಾನ ದೆಹಲಿಗೆ ಶರಣಾಗತಿಯನ್ನು ತರಲಿಲ್ಲ. ಕೋವಿಯ ಸದ್ದಿಗೆ ದೆಹಲಿ ತಿರುಗಿ ನೋಡಿರಬಹುದು. ಅಷ್ಟನ್ನು ನಾನು ಒಪ್ಪುತ್ತೇನೆ. ಆದರೆ ಸಹಿ ಹಾಕಬಲ್ಲವರು ಎರಡು ಕಡೆಯೂ ಬದುಕಿದ್ದರು. 1986ರ ಜೂನ್ 30ರಂದು ಒಪ್ಪಂದವಾಯಿತು. ಬಂಡಾಯದ ನಾಯಕ ಲಾಲ್‌ಡೆಂಗಾ ಮುಖ್ಯಮಂತ್ರಿಯಾದರು. 1987ರ ಫೆಬ್ರವರಿಯಲ್ಲಿ ಮಿಜೋರಾಂ ರಾಜ್ಯವಾಯಿತು. ಎರಡು ವರ್ಷ ತುಂಬುವ ಮೊದಲೇ ಅವರ ಸರ್ಕಾರ ಬಿದ್ದಿತು. 1989ರ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ಸೋತವರು ಕಾಡಿಗೆ ಹೋಗಲಿಲ್ಲ. ವಿಧಾನಸಭೆಯ ವಿರೋಧಪಕ್ಷದ ಬೆಂಚುಗಳಲ್ಲಿ ಕುಳಿತರು.