ಒಣದ್ರಾಕ್ಷಿ ನಾಯಿಗೆ ಹಾಕದಿರಿ

ಬಾಯಾರಿದ ನಾಯಿಗೆ ಬಾವಿಯಿಂದ ನೀರು ಮೊಗೆದು ಕುಡಿಸಿ ಅಲ್ಲಾಹನ ಕ್ಷಮೆಗೆ ಪಾತ್ರನಾದ ಮನುಷ್ಯನ ಘಟನೆಯನ್ನು ಮದ್ರಸದಲ್ಲಿ ಪ್ರತಿ ವರ್ಷವೂ ಹೇಳುತ್ತೇನೆ. ಮಕ್ಕಳಿಗೆ ಅದು ಬಹಳ ಇಷ್ಟ. ಒಮ್ಮೆ ಈದ್ ಕಳೆದ ಮೇಲೆ ಹುಡುಗನೊಬ್ಬ ಬಂದು, "ಉಸ್ತಾದ್, ನಾನೂ ತೋಟದ ನಾಯಿಗೆ ಒಂದು ಹಿಡಿ ಒಣದ್ರಾಕ್ಷಿ ಕೊಟ್ಟೆ. ಅದು ರಾತ್ರಿಯಿಡೀ ವಾಂತಿ ಮಾಡಿತು" ಎಂದ. ಪಶುವೈದ್ಯರು ಮೂರು ದಿನ ಡ್ರಿಪ್ ಹಾಕಿದ ಮೇಲೆ ನಾಯಿ ಚೇತರಿಸಿಕೊಂಡಿತು. ತಪ್ಪು ಹುಡುಗನದಲ್ಲ, ಅದುವರೆಗೆ ನನಗೂ ಈ ವಿಷಯ ಗೊತ್ತಿರಲಿಲ್ಲ.

ಸಹೋದರಿಯರೇ, ನಮಗೆ ಪುಷ್ಟಿ ಕೊಡುವ ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಹಸಿ ದ್ರಾಕ್ಷಿಗಿಂತ ಒಣಗಿದ್ದು ಹೆಚ್ಚು ಅಪಾಯ. ನೀರು ಆರಿ ಸತ್ವವೆಲ್ಲ ಒಂದೆಡೆ ಸೇರಿರುತ್ತದೆ. ಪಾಯಸ, ಕೇಕ್, ಬಿರಿಯಾನಿಯಲ್ಲಿ ಬೆಂದರೂ ಅದನ್ನು ನಂಬುವಂತಿಲ್ಲ. ಇಷ್ಟು ತಿಂದರೆ ತೊಂದರೆಯಿಲ್ಲ ಎಂಬ ಅಳತೆಯೂ ಇಲ್ಲ. ಒಂದು ನಾಯಿ ಬೊಗಸೆ ತುಂಬ ತಿಂದು ಅರಗಿಸಿಕೊಂಡರೆ, ಇನ್ನೊಂದು ಕೆಲವೇ ಕಾಳಿಗೆ ಮಲಗಿಬಿಡುತ್ತದೆ.

ಕಾರಣ ಬಹುಕಾಲ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದತ್ತ ಬೊಟ್ಟು ಮಾಡಿದರು. ಈ ಆಮ್ಲದಿಂದಲೇ ಆಗುವ ಕ್ರೀಮ್ ಆಫ್ ಟಾರ್ಟಾರ್ ಎಂಬ ಪುಡಿ ಹಾಕಿ ಮನೆಯಲ್ಲಿ ಕಲಸಿದ ಮಕ್ಕಳ ಆಟದ ಹಿಟ್ಟನ್ನು ತಿಂದ ನಾಯಿಗೂ ಅದೇ ಕಾಯಿಲೆ ಬಂದದ್ದು ಅವರಿಗೆ ಸುಳಿವು ಕೊಟ್ಟಿತು. ನಮ್ಮ ಹುಣಸೆಹಣ್ಣಿನಲ್ಲೂ ಇರುವುದು ಇದೇ ಆಮ್ಲ. ಹುಣಸೆ ತಿಂದ ನಾಯಿಗಳಲ್ಲೂ ಮೂತ್ರಪಿಂಡ ಕೆಟ್ಟದ್ದು ದಾಖಲಾಗಿದೆ. ಆದುದರಿಂದ ಹುಣಸೆಯ ಉಂಡೆಯನ್ನೂ ಅದರ ಬಾಯಿಗೆ ಸಿಗದಂತೆ ಇಡಿ.

ಖರ್ಜೂರ ವಿಷವಲ್ಲ. ಆದರೆ ಬೀಜ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳಬಹುದು, ಸಕ್ಕರೆಯೂ ವಿಪರೀತ. ಬೀಜ ತೆಗೆದು ಒಂದು ಚೂರು ಕೊಟ್ಟರೆ ಸಾಕು. ಒಣ ಅಂಜೂರವೂ ಹೆಚ್ಚಾದರೆ ಭೇದಿಯಾಗುತ್ತದೆ.

ನಾಯಿ ಒಣದ್ರಾಕ್ಷಿ ತಿಂದದ್ದು ಗೊತ್ತಾದರೆ ವಾಂತಿಯಾಗಲಿ, ನೋಡೋಣ ಎಂದು ಕಾಯಬೇಡಿ. ಮೊದಲ ಒಂದೆರಡು ಗಂಟೆಯೊಳಗೆ ಪಶುವೈದ್ಯರು ಅದನ್ನು ಹೊರಹಾಕಿಸಬಲ್ಲರು. ಎಷ್ಟು ತಿಂದಿತು, ಯಾವಾಗ ತಿಂದಿತು ಎಂದು ಅವರಿಗೆ ಹೇಳಿ. ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ, ಅದೇ ಇನ್ನೊಂದು ವಿಷವಾದೀತು. ವಾಂತಿ, ಮಂಕು ಸಾಮಾನ್ಯವಾಗಿ ಒಂದು ದಿನದೊಳಗೆ ಕಾಣಿಸುತ್ತವೆ. ಒಂದೆರಡು ದಿನ ಕಳೆದು ಮೂತ್ರ ಕಡಿಮೆಯಾಗುತ್ತಾ ಬಂದರೆ ಉಳಿಸುವುದು ಕಷ್ಟ.

ಆ ಹುಡುಗ ಈಗಲೂ ತೋಟದ ನಾಯಿಗೆ ಊಟ ಹಾಕುತ್ತಾನೆ. ಮಸಾಲೆ ಬೀಳುವ ಮೊದಲೇ ತಾಯಿ ಎತ್ತಿಟ್ಟ ಬೆಂದ ಕೋಳಿಯ ಮೂಳೆಯಿಲ್ಲದ ಚೂರು, ಜೊತೆಗೆ ಒಂದಿಷ್ಟು ಅನ್ನ. ದ್ರಾಕ್ಷಿಯನ್ನು ತಾನೇ ತಿನ್ನುತ್ತಾನಂತೆ.